ಹುಟ್ಟಿದಾಗ ಕೇಳುತ್ತಿದ್ದ ಕಿವಿ

ನಮ್ಮ ಕಡೆ ಕಿವಿ ಕೇಳದ ಮಗು ಇದೆಯೆಂದು ಗೊತ್ತಾದರೆ ಕಾರಣ ಹೇಳುವವರಿಗೆ ಬರವಿಲ್ಲ. ಸೋದರಮಾವನಿಗೆ ಕೊಟ್ಟದ್ದೇ ತಪ್ಪಾಯಿತು ಎನ್ನುವವರು ಒಬ್ಬರು. ಬಸುರಿದ್ದಾಗ ಗ್ರಹಣ ಹಿಡಿದಿತ್ತು, ಆಕೆ ಹೊರಗೆ ಬಂದಳು, ಈಳಿಗೆ ಮುಟ್ಟಿದಳು ಎನ್ನುವವರು ಇನ್ನೊಬ್ಬರು. ಹಿಂದಿನ ಜನ್ಮದ ಕರ್ಮ ಎಂದು ಕೈತೊಳೆದುಕೊಳ್ಳುವವರು ಮತ್ತೊಬ್ಬರು. ಮೂರರಲ್ಲೂ ಕೊನೆಗೆ ಬೆರಳು ತಿರುಗುವುದು ತಾಯಿಯ ಕಡೆಗೇ. ಮೊದಲನೆಯ ಮಾತಿನಲ್ಲಿ ಸತ್ಯವಿದೆ. ರಕ್ತಸಂಬಂಧದೊಳಗಿನ ಮದುವೆಯಿಂದ ವಂಶವಾಹಿಗಳ ದೋಷ ಮಕ್ಕಳಲ್ಲಿ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ, ಹುಟ್ಟುಕಿವುಡಿಗೆ ಅದೊಂದು ದೊಡ್ಡ ಕಾರಣ. ಗ್ರಹಣದ ಮಾತಿನಲ್ಲಿ ಹುರುಳಿಲ್ಲ.

ಆದರೆ ನಾಲ್ಕನೆಯ ಕಾರಣವೊಂದಿದೆ. ಸಂಜೆ ಉಣಕಲ್ಲ ಕೆರೆಯ ದಂಡೆಯ ಮೇಲೆ ಕುಳಿತು ಊರ ಸುದ್ದಿಯನ್ನೆಲ್ಲ ಜಾಲಾಡುವವರಲ್ಲಿ ಯಾರೂ ಅದನ್ನು ಹೇಳಿದ್ದು ನಾನು ಕೇಳಿಲ್ಲ. ತಾಯಿಗೆ ಬಸುರಿನಲ್ಲಿ ಬಂದು, ಎರಡು ದಿನ ಮೈ ಬಿಸಿ ಮಾಡಿ ಹೋದ ಜ್ವರ. ಎಷ್ಟೋ ಸಲ ಜ್ವರವೂ ಇಲ್ಲ. ತಾಯಿಯ ರಕ್ತದಲ್ಲಿನ ವೈರಸ್ ಮಾಸನ್ನು, ಅಂದರೆ ನಾವು ಪಠ್ಯದಲ್ಲಿ ಜರಾಯು ಎಂದು ಕಲಿಸುವ ಪೊರೆಯನ್ನು, ದಾಟಿ ಗರ್ಭದ ಶಿಶುವಿನೊಳಗೆ ಸೇರಿಕೊಳ್ಳುತ್ತದೆ. ಕಣ್ಣು, ಕಿವಿ, ಹೃದಯ, ಮಿದುಳು ಇವುಗಳು ರೂಪುಗೊಳ್ಳುವ ಹೊತ್ತಿಗೆ ಅಲ್ಲಿ ಬಿಡಾರ ಹೂಡುತ್ತದೆ. ತಾಯಿ ಮರೆತುಬಿಟ್ಟ ಜ್ವರವನ್ನು ಮಗು ಜೀವನಪೂರ್ತಿ ಹೊತ್ತು ತಿರುಗಬೇಕಾಗುತ್ತದೆ.

ಇದು ತಿಳಿದದ್ದು ಹೇಗೆ ಎಂಬ ಕಥೆಯನ್ನು ನಾನು ಮಕ್ಕಳಿಗೆ ಆಗಾಗ ಹೇಳುವುದುಂಟು. 1941ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ನಾರ್ಮನ್ ಗ್ರೆಗ್ ಎಂಬ ಕಣ್ಣಿನ ವೈದ್ಯರಿದ್ದರು. ಕಣ್ಣಿನ ಪೊರೆ ಮುದುಕರ ಕಾಯಿಲೆ. ಆದರೆ ಆ ವರ್ಷ ಎಳೆಯ ಕೂಸುಗಳು ಒಂದರ ಹಿಂದೊಂದು ಪೊರೆ ಬಂದ ಕಣ್ಣುಗಳೊಂದಿಗೆ ಅವರ ಬಳಿಗೆ ಬರತೊಡಗಿದವು. ಗ್ರೆಗ್ ತಾಯಂದಿರ ಮಾತಿಗೆ ಕಿವಿಗೊಟ್ಟರು. ಅದೇ ಅವರ ದೊಡ್ಡಸ್ತಿಕೆ. ಹಿಂದಿನ ವರ್ಷ ಆ ದೇಶದಲ್ಲಿ ರುಬೆಲ್ಲಾ ಹಬ್ಬಿತ್ತು. ನಮ್ಮ ಕಡೆ ಗೊಬ್ಬರ ಎಂದೂ ದಡಾರ ಎಂದೂ ಕರೆಯುವ ಬೇನೆಯ ಹಾಗೆಯೇ ಮೈಮೇಲೆ ಕೆಂಪು ಗಂಧೆ ಏಳಿಸುವ, ಆದರೆ ಅದಕ್ಕಿಂತ ಬಲು ಸೌಮ್ಯವಾದ ಬೇನೆ ಅದು. ಗ್ರೆಗ್ ಮತ್ತು ಅವರ ಸಹೋದ್ಯೋಗಿಗಳು ಲೆಕ್ಕ ಹಾಕಿದ 78 ಶಿಶುಗಳಲ್ಲಿ 68 ಶಿಶುಗಳ ತಾಯಂದಿರಿಗೆ ಬಸುರಿನಲ್ಲಿ ರುಬೆಲ್ಲಾ ಬಂದುಹೋಗಿತ್ತು. ಈ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಬೇರೆ ತಾಯಂದಿರು ಗ್ರೆಗ್‌ರನ್ನು ಕೇಳಿದರು: ನಮಗೂ ಆ ಬೇನೆ ಬಂದಿತ್ತು, ನಮ್ಮ ಮಗುವಿಗೆ ಕಣ್ಣು ಸರಿಯಿದೆ, ಕಿವಿ ಕೇಳುತ್ತಿಲ್ಲ, ಇದಕ್ಕೂ ಅದೇ ಕಾರಣವೇ? ಹೀಗೆ ಕಿವಿಯ ವಿಷಯವನ್ನು ಎತ್ತಿದವರು ತಾಯಂದಿರು, ವೈದ್ಯರಲ್ಲ. ಕಣ್ಣಿನ ಬಿಳಿ ಪೊರೆ ಎದುರಿಗೇ ಕಾಣುತ್ತದೆ, ಕಿವಿಯ ಒಳಗಿನದು ಕಾಣುವುದಿಲ್ಲವಲ್ಲ.

ಇದರ ಮುಂದಿನ ಭಾಗ ಗಣಿತ ಇಷ್ಟಪಡುವ ಹುಡುಗರಿಗೆ. ಲ್ಯಾಂಕಾಸ್ಟರ್ ಎಂಬ ಆಸ್ಟ್ರೇಲಿಯದ ಸಂಖ್ಯಾಶಾಸ್ತ್ರಜ್ಞರು ಹಳೆಯ ಜನಗಣತಿಯ ಕಡತಗಳನ್ನು ತೆರೆದು ಕುಳಿತರು. 1911ರ ಗಣತಿಯಲ್ಲಿ ಕಿವುಡರ ಸಂಖ್ಯೆ 10ರಿಂದ 14 ವಯಸ್ಸಿನವರಲ್ಲಿ ಅಸಹಜವಾಗಿ ಹೆಚ್ಚಿತ್ತು. 1921ರ ಗಣತಿಯಲ್ಲಿ ಅದೇ ಉಬ್ಬು 20ರಿಂದ 24ರ ವಯಸ್ಸಿಗೆ ಸರಿದಿತ್ತು. ಅಂದರೆ ಅವರು ಅದೇ ಜನ, ಹತ್ತು ವರ್ಷ ಬೆಳೆದಿದ್ದರು ಅಷ್ಟೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಬ್ಬಿದ್ದ ಒಂದು ರುಬೆಲ್ಲಾ ಅಲೆ ಹೀಗೆ ಜನಗಣತಿಯ ಪುಟಗಳಲ್ಲಿ ಹೆಜ್ಜೆ ಗುರುತು ಬಿಟ್ಟುಹೋಗಿತ್ತು. ಗ್ರೆಗ್ ಹೇಳುವ ತನಕ ಅದನ್ನು ಓದುವುದು ಯಾರಿಗೂ ತಿಳಿದಿರಲಿಲ್ಲ. 1951ರಲ್ಲಿ ಪ್ರಕಟವಾದ ಈ ಕೆಲಸಕ್ಕೆ ಬೇಕಾದದ್ದು ಸೂಕ್ಷ್ಮದರ್ಶಕವಲ್ಲ, ಕೂಡಿಸಿ ಕಳೆಯುವ ತಾಳ್ಮೆ.

ಬಸುರಿನ ಮೊದಲ ಹನ್ನೆರಡು ವಾರಗಳಲ್ಲಿ ರುಬೆಲ್ಲಾ ತಗುಲಿದರೆ ಹತ್ತರಲ್ಲಿ ಎಂಟು ಒಂಬತ್ತು ಶಿಶುಗಳಿಗೆ ಅಪಾಯ ತಪ್ಪಿದ್ದಲ್ಲ. ಇಪ್ಪತ್ತು ವಾರ ದಾಟಿದ ಮೇಲೆ ಅಪಾಯ ಬಹಳ ಕಡಿಮೆ. 1964 ಮತ್ತು 65ರಲ್ಲಿ ಅಮೆರಿಕದಲ್ಲಿ ಹಬ್ಬಿದಾಗ ಸುಮಾರು 20,000 ಶಿಶುಗಳು ಈ ದೋಷಗಳೊಂದಿಗೆ ಹುಟ್ಟಿದವು. ಅವರಲ್ಲಿ 11,000ಕ್ಕೂ ಹೆಚ್ಚು ಮಕ್ಕಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಆ ಅಲೆಯಲ್ಲಿ ಹುಟ್ಟಿದ ನ್ಯೂಯಾರ್ಕಿನ 243 ಮಕ್ಕಳನ್ನು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯೆ ಬೆನ್ನುಹತ್ತಿ ಗಮನಿಸಿದರು. ಸಾಮಾನ್ಯ ಮಕ್ಕಳಿಗಿಂತ ಅವರಲ್ಲಿ ಆಟಿಸಂ ಬಹಳ ಹೆಚ್ಚೆಂದು 1971ರಲ್ಲಿ ಬರೆದರು.

ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿರುವುದು ಮಾತ್ರ ಗ್ರೆಗ್‌ರ ಕಾಲದ ಆ ಕೂಸುಗಳ ಮುಂದಿನ ಕಥೆ. ಆಸ್ಟ್ರೇಲಿಯದ ವೈದ್ಯರು ಅವರನ್ನು ಕೈಬಿಡಲಿಲ್ಲ. 25 ವರ್ಷದವರಾದಾಗ ಐವತ್ತು ಜನರನ್ನು ಕರೆಸಿ ನೋಡಿದರು. ಬಹುತೇಕ ಎಲ್ಲರಿಗೂ ಕಿವಿಯ ದೋಷವಿತ್ತು. ಆದರೂ ಹೆಚ್ಚಿನವರು ದುಡಿದು ತಿನ್ನುತ್ತಿದ್ದರು, ಕೆಲವರು ಮದುವೆಯಾಗಿದ್ದರು. ಇಂಥ ಮಗು ಬೆಳೆದು ಏನಾದೀತು ಎಂದು ಕಂಗೆಟ್ಟ ತಂದೆತಾಯಿಗಳು ಈ ಮಾತನ್ನು ಎರಡು ಸಲ ಓದಬೇಕು. ಅರವತ್ತರ ವಯಸ್ಸಿಗೆ ಮತ್ತೆ ನೋಡಿದಾಗ ಹೊಸ ಸಂಗತಿಗಳು ತಿಳಿದವು. ಸುಮಾರು ಐವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ, ಹೆಚ್ಚುಕಡಿಮೆ ಅಷ್ಟೇ ಜನರಿಗೆ ಥೈರಾಯ್ಡ್ ತೊಂದರೆ. ಹೆಂಗಸರಲ್ಲಿ ಹೆಚ್ಚಿನವರಿಗೆ ಮುಟ್ಟು ಬೇಗ ನಿಂತಿತ್ತು. ತಾಯಿಯ ಹೊಟ್ಟೆಯಲ್ಲಿದ್ದಾಗ ತಗುಲಿದ ಸೋಂಕು ಅರವತ್ತನೆಯ ವರ್ಷದಲ್ಲೂ ಲೆಕ್ಕ ಒಪ್ಪಿಸುತ್ತಿತ್ತು.

ದೂರದ ದೇಶದ ಮಾತಾಯಿತು, ನಮ್ಮದೇನು ಎಂದು ಕೇಳಬಹುದು. ನಮ್ಮಲ್ಲಿ ರುಬೆಲ್ಲಾ ಬಹುಕಾಲ ಲೆಕ್ಕಕ್ಕೇ ಬಂದಿರಲಿಲ್ಲ. ಸೌಮ್ಯವಾದ ಬೇನೆಗೆ ಯಾರು ಆಸ್ಪತ್ರೆಗೆ ಹೋಗುತ್ತಾರೆ? ಬೇವಿನ ಎಲೆ ಕಟ್ಟಿ ಮೂರು ದಿನ ಮನೆಯಲ್ಲಿ ಮಲಗಿಸಿದರೆ ಮುಗಿಯಿತು. 2016ರ ಡಿಸೆಂಬರಿನಿಂದ ದೇಶದ ಕೆಲವು ಆಯ್ದ ಆಸ್ಪತ್ರೆಗಳಲ್ಲಿ ಇಂಥ ಶಿಶುಗಳನ್ನು ಹುಡುಕಿ ದಾಖಲಿಸುವ ಕೆಲಸ ಶುರುವಾಯಿತು. ಅವುಗಳಲ್ಲಿ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಒಂದು. 2018ರ ಹೊತ್ತಿಗೆ ಅನುಮಾನವಿದ್ದ 645 ಶಿಶುಗಳಲ್ಲಿ 137 ಶಿಶುಗಳಿಗೆ ಹುಟ್ಟಿನಿಂದ ಬಂದ ರುಬೆಲ್ಲಾ ದೋಷವಿರುವುದು ಪ್ರಯೋಗಾಲಯದಲ್ಲಿ ಖಚಿತವಾಯಿತು. ಹೆಚ್ಚಿನವರಿಗೆ ಹೃದಯದ ದೋಷವಿತ್ತು, ಅರ್ಧಕ್ಕಿಂತ ಹೆಚ್ಚು ಶಿಶುಗಳಿಗೆ ಕಣ್ಣಿನ ದೋಷ. ಇದು ಬೆರಳೆಣಿಕೆಯ ಆಸ್ಪತ್ರೆಗಳ ಬಾಗಿಲಿಗೆ ಬಂದವರ ಲೆಕ್ಕ ಮಾತ್ರ.

ಅದೇ ಹೊತ್ತಿಗೆ, 2017ರ ಫೆಬ್ರುವರಿಯಲ್ಲಿ, ದಡಾರ ಮತ್ತು ರುಬೆಲ್ಲಾ ಎರಡಕ್ಕೂ ಒಂದೇ ಸೂಜಿ ಹಾಕುವ ದೊಡ್ಡ ಅಭಿಯಾನ ದೇಶದಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಒಂದೂವರೆ ಕೋಟಿಗೂ ಹೆಚ್ಚು ಮಕ್ಕಳಿಗೆ ಹಾಕಬೇಕಿತ್ತು. ಶಾಲೆಗಳೇ ಲಸಿಕೆಯ ಕೇಂದ್ರಗಳಾದವು. ಮೊಬೈಲಿನಲ್ಲಿ ಏನೇನೋ ಗಾಳಿಸುದ್ದಿ ಹಾರಾಡಿದವು. ಶಾಲೆಯ ಗೇಟಿನ ಹತ್ತಿರ ಉಣಕಲ್ಲಿನವರೇ ಆದ ಒಬ್ಬ ತಂದೆ ನನ್ನನ್ನು ತಡೆದು ನಿಲ್ಲಿಸಿದರು.

“ಸರ್, ಬಸುರ ಹೆಂಗಸರಿಗೆ ಬರೂ ಬ್ಯಾನಿ ಅಂತೀರಿ. ನನ್ನ ಮಗಾ ಗಂಡ ಹುಡುಗ ರೀ. ಅಂವೇನ ಬಸುರಾಗಾಂವಲ್ಲ, ಹಡಿಯಾಂವಲ್ಲ. ಅಂವಗ್ಯಾಕ್ರೀ ಈ ಸೂಜಿ?”

ನಗು ಬಂದರೂ ಪ್ರಶ್ನೆ ಬಹಳ ಒಳ್ಳೆಯದು. ಇಂಥ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳು ಕೇಳುವುದಿಲ್ಲ ಎಂಬುದೇ ನನ್ನ ದೂರು.

“ನಿಮ್ಮ ಮನ್ಯಾಗ ಯಾರ್ಯಾರ ಅದೀರಿ?” ಎಂದು ಕೇಳಿದೆ.

“ನಾವು ಗಂಡ ಹೆಂಡತಿ, ಅವ್ವ, ಮತ್ತ ತಮ್ಮ. ಹ್ವಾದ ವರ್ಷ ತಮ್ಮನ ಲಗ್ನ ಮಾಡೇವ್ರಿ.”

“ಹಂಗಾದ್ರ ಕೇಳ್ರಿ. ನಿಮ್ಮ ಮಗ ಸಾಲ್ಯಾಗಿಂದ ಬ್ಯಾನಿ ತಗೊಂಡ ಬರ್ತಾನ. ಮೈಮ್ಯಾಲ ಏಳೂದಕ್ಕಿಂತ ಮದಲನ ಅದು ಹಬ್ಬಾಕ ಸುರು ಆಗಿರ್ತದ. ಅಂವಗ ಏನೂ ಆಗೂದಿಲ್ಲ, ಮೂರ ದಿವಸಕ್ಕ ಎದ್ದ ಆಡ್ತಾನ. ಆದ್ರ ಅಂವನ ಚಿಗವ್ವ ಎರಡ ತಿಂಗಳ ಬಸುರಿದ್ರ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆತ್ರಿ, ಹಾಕ್ರಿ” ಎಂದರು. ಹುಡುಗ ಮಾತ್ರ ಗೇಟಿನ ಹಿಂದೆ ಅಳುತ್ತ ನಿಂತಿದ್ದ. ಅವನನ್ನು ಒಪ್ಪಿಸುವುದು ತಂದೆಗಿಂತ ಕಷ್ಟವಾಯಿತು.

ಆ ಅಭಿಯಾನದ ನಂತರ ಈ ಲಸಿಕೆ ಮಕ್ಕಳ ನಿತ್ಯದ ಪಟ್ಟಿಗೆ ಸೇರಿತು. ಒಂಬತ್ತರಿಂದ ಹನ್ನೆರಡು ತಿಂಗಳೊಳಗೆ ಒಂದು, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಇನ್ನೊಂದು.

ಇನ್ನು ಲಸಿಕೆಯೇ ಇಲ್ಲದ ವೈರಸ್ಸಿನ ಮಾತು. 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯ ಐದು ವರ್ಷದ ಬಾಲಕಿಯಲ್ಲಿ ಝೀಕಾ ಪತ್ತೆಯಾಯಿತೆಂಬ ಸುದ್ದಿ ಬಂದಾಗ ಎಷ್ಟೋ ಪಾಲಕರು ನನ್ನನ್ನು ವಿಚಾರಿಸಿದರು. 2015ರಲ್ಲಿ ಬ್ರೆಜಿಲ್‌ನಲ್ಲಿ ಸಣ್ಣ ತಲೆಯ ಕೂಸುಗಳು ಹುಟ್ಟಿದ ಚಿತ್ರಗಳನ್ನು ಅವರು ನೋಡಿದ್ದರು. ಹೆದರಿಕೆ ಸಹಜ. ಆದರೆ ಝೀಕಾಗಿಂತ ಎಷ್ಟೋ ಪಟ್ಟು ಸಾಮಾನ್ಯವಾದ ಇನ್ನೊಂದು ವೈರಸ್ಸಿನ ಬಗ್ಗೆ ಇಷ್ಟು ವರ್ಷಗಳಲ್ಲಿ ಒಬ್ಬರೂ ನನ್ನನ್ನು ಕೇಳಿಲ್ಲ. ಸೈಟೋಮೆಗಲೋವೈರಸ್ ಎಂದು ಅದರ ಹೆಸರು. ಸೈಟೋ ಎಂದರೆ ಜೀವಕೋಶ, ಮೆಗಲೋ ಎಂದರೆ ದೊಡ್ಡದು. ಅದು ಹೊಕ್ಕ ಜೀವಕೋಶ ಊದಿ ದೊಡ್ಡದಾಗುವುದರಿಂದ ಈ ಹೆಸರು. ವೈದ್ಯರು ಚಿಕ್ಕದಾಗಿ ಸಿಎಂವಿ ಎನ್ನುತ್ತಾರೆ.

ನಮ್ಮ ದೇಶದಲ್ಲಿ ದೊಡ್ಡವರಲ್ಲಿ ಬಹುತೇಕ ಎಲ್ಲರ ಮೈಯಲ್ಲೂ ಇದು ಒಮ್ಮೆ ಹೊಕ್ಕು ಮಲಗಿದೆ. ಆರೋಗ್ಯವಂತರಿಗೆ ಏನೂ ಮಾಡದು. ಬಸುರಿನಲ್ಲಿ ಹೊಸದಾಗಿ ತಗುಲಿದರೆ, ಅಥವಾ ಮಲಗಿದ್ದದ್ದು ಮತ್ತೆ ಎದ್ದರೆ, ಶಿಶುವಿಗೆ ದಾಟಬಹುದು. ಮುಂದುವರಿದ ದೇಶಗಳಲ್ಲಿ ಹುಟ್ಟುವ ಸುಮಾರು 200 ಶಿಶುಗಳಲ್ಲಿ ಒಂದಕ್ಕೆ ಈ ಸೋಂಕು ಇರುತ್ತದೆ, ನಮ್ಮಂಥ ದೇಶಗಳಲ್ಲಿ ಇದರ ಸುಮಾರು ಮೂರು ಪಟ್ಟು. ಹಾಗೆಂದು ಹೌಹಾರಬೇಕಿಲ್ಲ. ಸೋಂಕು ಇರುವ ಹತ್ತು ಶಿಶುಗಳಲ್ಲಿ ಒಂಬತ್ತು ಹುಟ್ಟುವಾಗ ಗುಂಡಗುಂಡಗೆ ಆರೋಗ್ಯವಾಗಿಯೇ ಇರುತ್ತವೆ. ಅಳುತ್ತವೆ, ಹಾಲು ಕುಡಿಯುತ್ತವೆ, ಗಿಲಕಿಯ ಸದ್ದಿಗೆ ತಿರುಗುತ್ತವೆ. ತೊಡಕು ಇರುವುದೇ ಇಲ್ಲಿ. ಹುಟ್ಟಿದಾಗ ಕೇಳುತ್ತಿದ್ದ ಕಿವಿ ಎರಡನೆಯ ವರ್ಷಕ್ಕೋ ಐದನೆಯ ವರ್ಷಕ್ಕೋ ನಿಧಾನವಾಗಿ ಮಂದವಾಗಬಹುದು.

ಅಮೆರಿಕದ ಹೂಸ್ಟನ್‌ನಲ್ಲಿ 1980ರ ದಶಕದಲ್ಲಿ ಹುಟ್ಟಿನಿಂದಲೇ ಸೋಂಕು ಪತ್ತೆಯಾದ ಮಕ್ಕಳನ್ನು ಹದಿನೆಂಟು ವರ್ಷದವರೆಗೆ ಪರೀಕ್ಷಿಸುತ್ತ ಹೋದರು. ಹುಟ್ಟುವಾಗ ಯಾವ ಲಕ್ಷಣವೂ ಇಲ್ಲದಿದ್ದ ಮಕ್ಕಳಲ್ಲೂ ಹದಿನೆಂಟರ ಹೊತ್ತಿಗೆ ನಾಲ್ವರಲ್ಲಿ ಒಬ್ಬರಿಗೆ ಶ್ರವಣದೋಷ ಕಂಡಿತು. ಸೋಂಕಿಲ್ಲದ ಮಕ್ಕಳಲ್ಲಿ ಅದು ಶೇ. 8 ಮಾತ್ರ. ಬುದ್ಧಿಶಕ್ತಿಯನ್ನೂ ಅಳೆದರು. ಲಕ್ಷಣಗಳಿಲ್ಲದೆ ಹುಟ್ಟಿ, ಎರಡು ವರ್ಷದವರೆಗೆ ಕಿವಿ ಸರಿಯಿದ್ದ ಮಕ್ಕಳಿಗೂ ಸೋಂಕಿಲ್ಲದ ಮಕ್ಕಳಿಗೂ ಓದಿನಲ್ಲಿ, ಬುದ್ಧಿಯಲ್ಲಿ ವ್ಯತ್ಯಾಸವಿರಲಿಲ್ಲ. ಹಿಂದೆ ಬಿದ್ದವರು ಎರಡು ವರ್ಷದೊಳಗೇ ಕಿವಿ ಹೋಗಿದ್ದವರು. ಮೇಷ್ಟ್ರಾಗಿ ನನಗೆ ಇದಕ್ಕಿಂತ ಮುಖ್ಯವಾದ ಫಲಿತಾಂಶ ಇನ್ನೊಂದು ಕಂಡಿಲ್ಲ. ಆ ಮಕ್ಕಳ ಮಿದುಳಿಗೆ ಕಲಿಯುವ ಶಕ್ತಿ ಇತ್ತು. ಮಾತು ಕಲಿಯುವ ವಯಸ್ಸಿನಲ್ಲಿ ಅದಕ್ಕೆ ಮಾತು ತಲುಪಲಿಲ್ಲ.

ಹುಟ್ಟುವಾಗಲೇ ಲಕ್ಷಣಗಳಿರುವ ಹತ್ತನೆಯ ಒಂದು ಪಾಲಿನ ಮಕ್ಕಳ ಸ್ಥಿತಿ ಬೇರೆ. ಅವರಲ್ಲಿ ಸಣ್ಣ ತಲೆ, ಫಿಟ್ಸ್, ನಡೆ ನುಡಿ ತಡವಾಗುವುದು ಎಲ್ಲವೂ ಬರಬಹುದು. ಜನಿಸಿದ ಮೊದಲ ತಿಂಗಳೊಳಗೆ ಶುರುಮಾಡಿ ಆರು ತಿಂಗಳು ಕೊಡುವ ಔಷಧಿಯೊಂದು ಈಗ ಇದೆ. ಅದರಿಂದ ಸ್ವಲ್ಪಮಟ್ಟಿನ ಪ್ರಯೋಜನ ಕಂಡಿದೆ. ಆದರೆ ಸೋಂಕು ಹುಟ್ಟಿನಿಂದ ಬಂದದ್ದೇ ಎಂದು ತಿಳಿಯಬೇಕಾದರೆ ಮೊದಲ 21 ದಿನಗಳೊಳಗೆ ಶಿಶುವಿನ ಮೂತ್ರ ಅಥವಾ ಜೊಲ್ಲು ಪರೀಕ್ಷಿಸಬೇಕು. ಆಮೇಲೆ ಸಿಕ್ಕರೆ, ಅದು ಹುಟ್ಟಿದ ನಂತರ ತಗುಲಿದ್ದೂ ಇರಬಹುದು.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಗೆ ಶಬ್ದದ ಪಾಠ ಮಾಡುತ್ತಿದ್ದೆ. ಶ್ರುತಿಕವೆಯನ್ನು ರಬ್ಬರಿಗೆ ಬಡಿದು, ದಾರಕ್ಕೆ ಕಟ್ಟಿದ ಬೆಂಡಿನ ಗುಂಡಿಗೆ ತಾಗಿಸಿದರೆ ಗುಂಡು ಸಿಡಿದು ಹಾರುತ್ತದೆ. ಮಕ್ಕಳಿಗೆ ಅದು ಜಾತ್ರೆಯ ಆಟ. ಆಮೇಲೆ ಒಬ್ಬೊಬ್ಬರೇ ಬಂದು ಕವೆಯನ್ನು ಕಿವಿಯ ಹತ್ತಿರ ಹಿಡಿದು ಕೇಳಬೇಕು. ಒಬ್ಬ ಹುಡುಗಿ ಎಡಗಿವಿಗೆ ಹಿಡಿದಳು, ಮುಖದಲ್ಲಿ ಏನೂ ಇಲ್ಲ. ಥಟ್ಟನೆ ಬಲಗಿವಿಗೆ ಬದಲಿಸಿಕೊಂಡು ನಕ್ಕಳು. ಯಾಕೆ ಎಂದು ಕೇಳಿದೆ. “ಸರ್, ಈ ಕಿವ್ಯಾಗ ಬರೂದಿಲ್ರೀ” ಎಂದಳು, ಎಲ್ಲರಿಗೂ ಹಾಗೆಯೇ ಇರುತ್ತದೆ ಎನ್ನುವ ಹಾಗೆ. ಹಿಂದಿನ ತರಗತಿಗಳಲ್ಲಿ ಅವಳಿಗೆ ಲಕ್ಷ್ಯವಿಲ್ಲದವಳು, ಮಂದ ಎಂಬ ಬಿರುದುಗಳು ಬಂದಿದ್ದವು. ಕನ್ನಡದ ಉಕ್ತಲೇಖನದಲ್ಲಿ ಶಬ್ದಗಳ ಕೊನೆ ನುಂಗುತ್ತಿದ್ದಳು. ನೋಡಿ ಬರೆಯಲು ಕೊಟ್ಟರೆ ಒಂದು ತಪ್ಪೂ ಇಲ್ಲ.

ಪರೀಕ್ಷೆಯಾಯಿತು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಸ್ವಲ್ಪ ಮಂದ, ದೋಷ ಒಳಗಿವಿಯದು ಎಂದರು. ಆಕೆಯ ತಾಯಿ ಹೇಳಿದ ಪ್ರಕಾರ ಚಿಕ್ಕಂದಿನಲ್ಲಿ ಮಗಳು ಎಲ್ಲ ಕಡೆಯಿಂದಲೂ ಕರೆದರೆ ಓಗೊಡುತ್ತಿದ್ದಳು. ಕಾರಣವೇನಿರಬಹುದು? ಸಿಎಂವಿ ಇರಬಹುದು, ಮಂಗನಬಾವು ಇರಬಹುದು, ವಂಶವಾಹಿಯ ದೋಷವೂ ಇರಬಹುದು. ಆ 21 ದಿನಗಳು ಹದಿಮೂರು ವರ್ಷಗಳ ಹಿಂದೆಯೇ ಕಳೆದುಹೋಗಿದ್ದವು. ತಾಯಿ ಮಾತ್ರ ದನಿ ಇಳಿಸಿ ಕೇಳಿದರು: “ಇಕಿ ಹೊಟ್ಟ್ಯಾಗಿದ್ದಾಗ ಗ್ರಾಣ ಹಿಡದಿತ್ರೀ ಸರ್. ನಾ ಹೊರಗ ಬಂದಿದ್ದೆ. ಅದರದ್ದ ಇರಬೇಕೇನ್ರೀ?” ಹದಿಮೂರು ವರ್ಷ ಆ ಹೆಣ್ಣುಮಗಳು ಈ ಪ್ರಶ್ನೆಯನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ತಿರುಗಿದ್ದರು. ಅಲ್ಲ, ತಾಯಿ, ಖಂಡಿತ ಅಲ್ಲ ಎಂದು ಹೇಳಿದೆ. ಗ್ರಹಣವೆಂದರೆ ಒಂದು ನೆರಳು, ನೆರಳು ಮಾಸನ್ನು ದಾಟುವುದಿಲ್ಲ ಎಂದೆ. ಹುಡುಗಿಯನ್ನು ಮೊದಲನೆಯ ಬೆಂಚಿನ ಎಡ ತುದಿಗೆ ಕೂರಿಸಿದೆವು, ಬಲಗಿವಿ ತರಗತಿಯ ಕಡೆಗೆ ಬರುವಂತೆ. ಬಲಗಿವಿಗೆ ಮಷಿನ್ ಬಂತು. ಬೋರ್ಡಿನ ಕಡೆ ಮುಖ ಮಾಡಿ ಪಾಠ ಹೇಳುವುದನ್ನು ಬಿಡಬೇಕೆಂದು ಶಿಕ್ಷಕರ ಕೊಠಡಿಯಲ್ಲಿ ಎಲ್ಲರಿಗೂ ಹೇಳಿದೆ. ಕೆಲವರು ಬಿಟ್ಟರು.

ಪಾಲಕರು ಏನು ನೋಡಬೇಕು? ಹೆರಿಗೆಯಾದ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಸರಿ ಬಂದಿದೆ ಎಂಬ ಚೀಟಿ ಆ ದಿನದ ಮಟ್ಟಿಗೆ ನಿಜ, ಅಷ್ಟೇ. ಮಗು ಟಿ.ವಿ.ಯ ದನಿ ಏರಿಸುತ್ತಲೇ ಇದ್ದರೆ, ಕರೆದಾಗ ಯಾವ ಕಡೆಯಿಂದ ಕರೆದರೆಂದು ತಿಳಿಯದೆ ಸುತ್ತ ನೋಡಿದರೆ, ತುಟಿಯನ್ನೇ ನೋಡುತ್ತ ಮಾತು ಕೇಳಿದರೆ, ಕಲಿತ ಮಾತುಗಳು ತೊದಲತೊಡಗಿದರೆ, ದಂಡಿಸುವ ಮೊದಲು ಕಿವಿ ತೋರಿಸಿ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಬರುತ್ತಾರೆ. ಆ ದಿನ ಮಗುವನ್ನು ಮದುವೆಗೆ ಕರೆದೊಯ್ಯಬೇಡಿ. ನಮ್ಮ ಪಕ್ಕದಲ್ಲೇ ವಿದ್ಯಾನಗರದಲ್ಲಿ ಜನ ಕಿಮ್ಸ್ ಎಂದು ಕರೆಯುವ ದೊಡ್ಡ ಆಸ್ಪತ್ರೆಯಿದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಎಳೆಯ ಮಕ್ಕಳ ಕಾಕ್ಲಿಯಾ ಶಸ್ತ್ರಚಿಕಿತ್ಸೆಗೆ ಸರ್ಕಾರದ ನೆರವೂ ಉಂಟು, ಆದರೆ ಅದಕ್ಕೆ ವಯಸ್ಸು ಮೀರಬಾರದು.

ಬಸುರಿ ತಾಯಂದಿರಿಗೆ ಒಂದು ಮಾತು. ಸಿಎಂವಿ ಹೆಚ್ಚಾಗಿ ಬರುವುದು ಸಣ್ಣ ಮಕ್ಕಳ ಜೊಲ್ಲು ಮತ್ತು ಮೂತ್ರದಿಂದ. ಮೊದಲನೆಯ ಕೂಸು ಅರ್ಧ ತಿಂದು ಬಿಟ್ಟ ರೊಟ್ಟಿಯನ್ನು ಎರಡನೆಯ ಬಸುರಿನಲ್ಲಿರುವ ತಾಯಿಯೇ ತಿಂದು ಮುಗಿಸುವುದು ನಮ್ಮಲ್ಲಿ ರೂಢಿ. ಆ ಒಂಬತ್ತು ತಿಂಗಳು ಅದನ್ನು ಬಿಡುವುದು ಲೇಸು. ದುಪಟಿ ಬದಲಿಸಿದ ಮೇಲೆ, ಮೂಗು ಒರೆಸಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು. ಮುದ್ದು ಕೊಡಬೇಕೆನಿಸಿದರೆ ತುಟಿಗೆ ಬೇಡ, ಹಣೆಗೆ ಕೊಡಿ.

ರುಬೆಲ್ಲಾದ ಲೆಕ್ಕದಲ್ಲಿ ಒಂದು ಬಾಕಿ ಉಳಿದಿದೆ. 2017ರ ಫೆಬ್ರುವರಿಯಲ್ಲಿ ಹದಿನೈದು ದಾಟಿದ್ದ ಹುಡುಗಿಯರು, ಅಂದರೆ 2002ರ ಆರಂಭಕ್ಕಿಂತ ಮೊದಲು ಹುಟ್ಟಿದವರು, ಆ ಅಭಿಯಾನದಿಂದ ಹೊರಗುಳಿದರು. ಖಾಸಗಿ ವೈದ್ಯರಲ್ಲಿ ಎಂಎಂಆರ್ ಹಾಕಿಸಿಕೊಂಡವರನ್ನು ಬಿಟ್ಟರೆ ಉಳಿದವರಿಗೆ ಆ ಸೂಜಿ ಬಿದ್ದಿಲ್ಲ. ಈಗ ಮದುವೆಯಾಗುತ್ತಿರುವವರು, ಹೆರುತ್ತಿರುವವರು ಅವರೇ. ಚಿಕ್ಕಂದಿನಲ್ಲಿ ಬೇನೆ ಬಂದುಹೋದವರಿಗೆ ಭಯವಿಲ್ಲ, ಆದರೆ ಬಂದಿತ್ತೋ ಇಲ್ಲವೋ ಎನ್ನುವುದು ನೆನಪಿನಿಂದ ತಿಳಿಯುವ ಮಾತಲ್ಲ. ಬಸುರಿನಲ್ಲಿ ಈ ಲಸಿಕೆ ಹಾಕುವಂತಿಲ್ಲ. ಮೊದಲೇ ಹಾಕಿಸಿಕೊಂಡು ಆಮೇಲೆ ಕನಿಷ್ಠ ಒಂದು ತಿಂಗಳು ಬಸುರಾಗದಂತೆ ನೋಡಿಕೊಳ್ಳಬೇಕು. ಹಳೆಯ ವಿದ್ಯಾರ್ಥಿನಿಯರು ಲಗ್ನಪತ್ರಿಕೆ ಹಿಡಿದು ಮನೆಗೆ ಬಂದಾಗ ನಾನು ಅರಿಶಿಣ ಹಚ್ಚಿದ ಆ ಪತ್ರಿಕೆಯಲ್ಲಿ ಮುಹೂರ್ತ ನೋಡುವ ಮೊದಲು ಅವರು ಹುಟ್ಟಿದ ವರ್ಷ ಕೇಳುತ್ತೇನೆ. ಸರ್‌ಗೆ ವಯಸ್ಸಾಯಿತು ಎಂದು ನಗುತ್ತಾರೆ. ಹೋದ ತಿಂಗಳು ಬಂದವಳು 2000ದಲ್ಲಿ ಹುಟ್ಟಿದವಳು. ಲಗ್ನಕ್ಕೆ ಎರಡು ತಿಂಗಳು ಇತ್ತು. ಲಸಿಕೆಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದು, ಡಾಕ್ಟರಿಗೆ ತೋರಿಸು ಎಂದು ಕೊಟ್ಟು ಕಳಿಸಿದೆ.